ಮಳವಳ್ಳಿಗೆ ರೈಲು ತಂದ ಭಾವ

ಮಳವಳ್ಳಿಗೆ ರೈಲು ಬಂದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಂದಿದೆ, ನಾನೇ ಕಣ್ಣಾರೆ ನೋಡಿದ್ದೇನೆ. ಚುನಾವಣೆ ಬಂದಾಗಲೆಲ್ಲ ಒಬ್ಬರಲ್ಲ ಒಬ್ಬರು ‘ಈ ಸಲ ರೈಲು ಗ್ಯಾರಂಟಿ’ ಎಂದು ಮೈಕಿನಲ್ಲಿ ಕೂಗಿ ಹೋದರು. ಹಳಿಯ ಒಂದು ಚೂರೂ ಬರಲಿಲ್ಲ. ಕೊನೆಗೆ ಒಂದು ಅರ್ಜಿಯನ್ನೂ ಕೊಡದೆ, ಯಾರ ಕಾಲನ್ನೂ ಹಿಡಿಯದೆ ರೈಲು ತಂದವರು ನಮ್ಮ ಭಾವ. ಎಂಜಿನ್ನಿನ ಉದ್ದ ಎರಡೂವರೆ ಮೊಳ. ಹಳಿ ಅವರ ಮನೆಯ ಹಿತ್ತಲಿನಲ್ಲಿ ಎರಡು ತೆಂಗಿನ ಮರಗಳನ್ನು ಸುತ್ತಿ ಮತ್ತೆ ಹೊರಟ ಜಾಗಕ್ಕೇ ಬಂದು ಸೇರುತ್ತದೆ. ಎಲ್ಲಿಗೂ ಹೋಗದ ರೈಲು! ಆದರೂ ರೈಲು ರೈಲೇ ಅಲ್ಲವೇ?

ಅದು ಓಡುತ್ತದೆಯೇ ಎಂದು ಮಾತ್ರ ಕೇಳಬೇಡಿ. ಆ ಒಂದು ಪ್ರಶ್ನೆಗೆ ಉತ್ತರ ಸಿಗಲೆಂದು ನಾನು, ಅಕ್ಕ, ಭಾವ ಮೂವರೂ ಏಳು ವರ್ಷ ಕಾದಿದ್ದೇವೆ.

ಭಾವ ಕೆಲಸದಲ್ಲಿದ್ದದ್ದು ಬ್ಲಫ್‌ನಲ್ಲಿ, ನೀರಿನಿಂದ ಕರೆಂಟು ತೆಗೆಯುವ ಕಡೆ. ಊರಿಗೆಲ್ಲ ದೀಪ ಹಚ್ಚಿ ನಿವೃತ್ತರಾದ ಮನುಷ್ಯ ಹಾಯಾಗಿ ಫ್ಯಾನಿನ ಕೆಳಗೆ ಕೂರಬೇಕು ತಾನೆ? ಇವರು ಬ್ಲಫ್ ಬಿಟ್ಟು ಮಳವಳ್ಳಿಗೆ ಬಂದವರೇ ಹಿತ್ತಲ ಸೌದೆ ಕೊಟ್ಟಿಗೆಯನ್ನು ಖಾಲಿ ಮಾಡಿಸಿ, ಅದಕ್ಕೆ ‘ವರ್ಕ್‌ಶಾಪು’ ಎಂದು ನಾಮಕರಣ ಮಾಡಿ, ಹಬೆ ಎಂಜಿನ್ ಕಟ್ಟುತ್ತೇನೆಂದು ಕುಳಿತರು. ಮಂಡ್ಯದಲ್ಲಿ ಮೇಷ್ಟ್ರಾಗಿರುವ ನಾನು ಭಾನುವಾರಗಳಲ್ಲಿ ಅಕ್ಕನ ಮನೆಗೆ ಊಟಕ್ಕೆ ಹೋಗುವವನು. ಇದೇನು ಭಾವ, ಕರೆಂಟಿನವರು ಹಬೆಯ ಪಾರ್ಟಿಗೆ ಸೇರಿಬಿಟ್ಟಿರಿ ಎಂದೆ.

“ಕರೆಂಟು ಕಣ್ಣಿಗೆ ಕಾಣಲ್ಲ ಕಣ್ಲಾ. ಮುಟ್ಟುದ್ರೆ ಒದೀತದೆ, ಅಷ್ಟೆಯ. ಅದ್ರ ಜೊತೆ ಮೂವತ್ತು ವರ್ಸ ಬಾಳ್ವೆ ಮಾಡ್ದೆ, ಒಂದಿನ ನನ್ನ ಮಾತಾಡ್ಸಲಿಲ್ಲ. ಅಬೆ ಎಂಜಿನ್ ನೋಡು, ಉಸಿರಾಡ್ತದೆ, ಕೆಮ್ತದೆ, ಬೆವರ್ತದೆ!”

ಅಡುಗೆಮನೆಯಿಂದ ಅಕ್ಕನ ದನಿ ಬಂತು: “ನಾನೂ ಉಸಿರಾಡ್ತೀನಿ, ಕೆಮ್ತೀನಿ, ಬೆವರ್ತೀನಿ. ನನ್ನ ಮಾತಾಡ್ಸಿ ಎಷ್ಟು ದಿನ ಆಯ್ತು ಅಂತ ಕೇಳ್ಲಾ ಇವ್ರನ್ನ!”

ನಮಗೆ ಹತ್ತಿರದ ನಿಜವಾದ ರೈಲೆಂದರೆ ಮದ್ದೂರಿನದು. ಭಾವ ತಿಂಗಳಿಗೊಮ್ಮೆ ಬಸ್ಸು ಹತ್ತಿ ಅಲ್ಲಿಗೆ ಹೋಗಿ, ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡು, ಬೆಂಚಿನ ಮೇಲೆ ಕೂರುತ್ತಾರೆ. ಕರೆಂಟಿನ ರೈಲು ಬಂತೋ, ಮುಖ ಆ ಕಡೆಗೆ ತಿರುಗಿಸುತ್ತಾರೆ! ಮತ್ತೆ ಅಷ್ಟು ದೂರ ಹೋಗುವುದಾದರೂ ಯಾಕೆ ಎಂದು ಕೇಳಿದೆ. “ನಾನು ಮುಕ ತಿರುಗಿಸ್ಕೊಂಡಿದ್ದು ಅದಕ್ಕೆ ಗೊತ್ತಾಗ್ಬೇಕಲ್ಲಾ!” ಎಂದರು.

ವರ್ಕ್‌ಶಾಪಿಗೆ ಗೆಜ್ಜಲಗೆರೆ ಕಡೆಯಿಂದ ಲೋಹ ಕಡೆಯುವ ಒಂದು ಹಳೆಯ ಲೇತು ಟೆಂಪೋದಲ್ಲಿ ಬಂತು. ಆರು ಜನ ಹಿಡಿದು ಇಳಿಸಿದರು. ಮಾರನೆಯ ಬೆಳಿಗ್ಗೆ ಪಕ್ಕದ ಬೀದಿಯ ಹೆಂಗಸೊಬ್ಬರು ಐದು ಸೇರು ರಾಗಿ ಹೊತ್ತು ಬಾಗಿಲಲ್ಲಿ ನಿಂತಿದ್ದರು. “ಮಿಲ್ಲು ಯಾವಾಗ ಸುರು ಮಾಡ್ತೀರ ಬುದ್ಧಿ?” ಎಂದು ಕೇಳಿದರಂತೆ. ಭಾವ ಆಕೆಯನ್ನು ಒಳಗೆ ಕರೆದು ಕೂರಿಸಿ, ಲೇತಿನಲ್ಲಿ ಎಂಜಿನ್ನಿನ ಚಕ್ರ ಕಡೆಯುವುದು ಹೇಗೆಂದು ಒಂದು ಗಂಟೆ ಪಾಠ ಮಾಡಿದರು. ಆ ತಾಯಿ ಅಂದಿನಿಂದ ನಮ್ಮ ಅಕ್ಕನ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟಿದ್ದಾರೆ.

ಇನ್ನು ಹಂಡೆಯ ಪ್ರಕರಣ. ಅಕ್ಕನ ಮದುವೆಯಲ್ಲಿ ನಮ್ಮವ್ವ ಕೊಟ್ಟ ತಾಮ್ರದ ಹಂಡೆ ಅದು. ಬಚ್ಚಲಿನಲ್ಲಿ ಹುಣಸೆಹಣ್ಣು ತಿಕ್ಕಿಸಿಕೊಂಡು ಥಳಥಳ ಹೊಳೆಯುತ್ತಿತ್ತು. ಅಕ್ಕ ಮೂರು ದಿನ ಹಲಗೂರಿನ ಚಿಕ್ಕಮ್ಮನ ಮನೆಗೆ ಹೋಗಿ ಬಂದು ನೋಡಿದರೆ ಹಂಡೆಯ ಜಾಗದಲ್ಲಿ ಅಲ್ಯೂಮಿನಿಯಂ ಪಾತ್ರೆ ಕೂತಿದೆ!

“ಅಂಡೆ ಎಲ್ರೀ?”

“ಇಲ್ಲೇ ಅದೆ” ಎಂದು ಭಾವ ವರ್ಕ್‌ಶಾಪಿನ ಮೇಜಿನ ಮೇಲಿದ್ದ ತಾಮ್ರದ ಬಾಯ್ಲರನ್ನು ತೋರಿಸಿದರು. “ಅದ್ರಲ್ಲೂ ನೀರು ಕಾಯ್ತಿತ್ತು, ಇದ್ರಲ್ಲೂ ನೀರು ಕಾಯ್ತದೆ. ಈಗೇನು ಕಮ್ಮಿ ಆಯ್ತು?”

ಅಕ್ಕ ಒಳಗೆ ಹೋದಳು. ಐದು ನಿಮಿಷ ಬಿಟ್ಟು ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಸೋಪಿನ ಡಬ್ಬಿ ಹಿಡಿದು ಬಂದು ಬಾಯ್ಲರಿನ ಮುಂದೆ ನಿಂತಳು. “ಸರಿ, ಕಾಯ್ಸಿ. ಸ್ನಾನ ಮಾಡ್ಬೇಕು.” ಪಂಚಾಯಿತಿಗೆ ನನ್ನನ್ನು ಮಂಡ್ಯದಿಂದ ಕರೆಸಿದರು. ನಾನು ಹುಟ್ಟಿನಿಂದಲೇ ಹಂಡೆಯ ಕಡೆಯವನು. ತೀರ್ಪು ಏನಾಯಿತೆಂದು ಬೇರೆ ಹೇಳಬೇಕೆ? ಭಾವ ಮಾತ್ರ ಅದಕ್ಕೆ ಬಗ್ಗಲಿಲ್ಲ, ಬಾಯ್ಲರು ಬಾಯ್ಲರಾಗಿಯೇ ಉಳಿಯಿತು.

ಹಂಡೆ ಹೋದ ಮೇಲೆ ಕಾಳಿನ ಸರದಿ. ಒಂದು ಭಾನುವಾರ ಅಕ್ಕ ಅವರೆಕಾಳನ್ನು ಕುಕ್ಕರಿಗೆ ಹಾಕಿ, ಜಗಲಿಯಲ್ಲಿ ಕೂತು ನನ್ನೊಡನೆ ಮಾತಾಡುತ್ತಾ ಬೆರಳಲ್ಲಿ ಕೂಗು ಎಣಿಸುತ್ತಿದ್ದಳು. ಒಂದಾಯಿತು, ಎರಡಾಯಿತು, ಮೂರಾಯಿತು, ಎದ್ದು ಹೋಗಿ ಒಲೆ ಆರಿಸಿದಳು. ಊಟಕ್ಕೆ ಕೂತರೆ ಎಲೆಯ ಮೇಲೆ ಕಾಳು ಗೋಲಿಯಂತೆ ಉರುಳುತ್ತಿದೆ! ಆಮೇಲೆ ತಿಳಿದದ್ದೇನೆಂದರೆ ಕುಕ್ಕರು ಒಂದು ಸಲವೂ ಕೂಗಿರಲಿಲ್ಲ. ಕೂಗಿದ್ದು ಹಿತ್ತಲಿನಲ್ಲಿ ಭಾವ ಹೊಸದಾಗಿ ಮಾಡಿ, ಸೈಕಲ್ ಪಂಪಿನಿಂದ ಗಾಳಿ ಊದಿ ಪರೀಕ್ಷೆ ಮಾಡುತ್ತಿದ್ದ ಎಂಜಿನ್ನಿನ ಸೀಟಿ.

ಭಾವನ ಮುಖ ಅರಳಿತು. “ಅಂಗಾದ್ರೆ ಸೀಟಿ ಚೆನ್ನಾಗೇ ಬಂದದೆ ಅನ್ನು!”

“ರೈಲಿನಂಗೆ ಬಂದಿಲ್ಲ ಕಣ್ರೀ, ಕುಕ್ಕರಿನಂಗೆ ಬಂದದೆ” ಎಂದಳು ಅಕ್ಕ.

ಹಂಡೆಗೆ ಬಗ್ಗದ ಮನುಷ್ಯ ಈ ಮಾತಿಗೆ ಕುಗ್ಗಿಹೋದರು. ಎರಡು ದಿನ ಅನ್ನ ಸೇರಲಿಲ್ಲವಂತೆ. ಮೂರನೆಯ ದಿನ ಆ ಸೀಟಿಯನ್ನು ಗುಜರಿಗೆ ಎಸೆದು ಬೇರೆ ಮಾಡಲು ಕೂತರು.

ಹೀಗೆ ಮಾಡಿದ್ದನ್ನೇ ಮಾಡುತ್ತಾ, ಕಿತ್ತು ಮತ್ತೆ ಕೂಡಿಸುತ್ತಾ ಏಳು ವರ್ಷ ಕಳೆಯಿತು. ದೊಡ್ಡ ಎಂಜಿನ್ನಿನಲ್ಲಿ ಎಲ್ಲಿ ರಿವೆಟ್ಟು ಇದೆಯೋ ಇದರಲ್ಲೂ ಅಲ್ಲಿ ರಿವೆಟ್ಟು ಇರಲೇಬೇಕು. ರಿವೆಟ್ಟೆಂದರೆ ತಗಡಿಗೆ ತಗಡು ಕೂಡಿಸುವ ಗುಂಡುತಲೆಯ ಮೊಳೆ. ಇಲ್ಲಿ ಅದು ಸಾಸಿವೆ ಗಾತ್ರ. ಹಳೆಯ ಫೋಟೋ ಒಂದರಲ್ಲಿ ಒಂದು ರಿವೆಟ್ಟು ಉದುರಿಹೋಗಿದ್ದು ಕಂಡು, ತಾವು ಹಾಕಿದ್ದರಲ್ಲೂ ಆ ಒಂದನ್ನು ಕಿತ್ತು ಹಾಕಿದ ಪುಣ್ಯಾತ್ಮ! ಮದುವೆಗೆ ಕರೆಯಲು ಬಂದ ನೆಂಟರೊಬ್ಬರು ಇದನ್ನೆಲ್ಲ ನೋಡಿ, “ಮಕ್ಕಳು ಆಡೋಕೆ ಚೆನ್ನಾಗದೆ” ಎಂದರು. ಭಾವ ಆ ಮದುವೆಗೆ ಹೋಗಲಿಲ್ಲ.

“ಒಂದೇ ಒಂದು ಸುತ್ತು ಓಡಿಬುಟ್ರೆ ಸಾಕು ಕಣ್ಲಾ, ಆಮೇಲೆ ನಾನೇನೂ ಕೇಳಲ್ಲ” ಎಂದು ನನ್ನ ಹತ್ತಿರ ಆಗಾಗ ಹೇಳುತ್ತಿದ್ದರು. ಹೋದ ವರ್ಷ ಎಲ್ಲ ಮುಗಿದು, ಎಂಜಿನ್ನಿನ ಹಿಂದೆ ಸೇರಿಸುವ ನೀರಿನ ತೊಟ್ಟಿಯೊಂದು ಉಳಿದಿತ್ತು. ಅದರ ಎಡಮಗ್ಗುಲಿನ ರಿವೆಟ್ಟು ಹಾಕುತ್ತಿದ್ದಾಗ ಭಾವನ ಕೈ ನಡುಗಲು ಶುರುವಾಯಿತು. ಮೊದಲು ಕಾಫಿ ಲೋಟದಲ್ಲಿ ಕಂಡಿತು, ಆಮೇಲೆ ಅಂಗಿಯ ಗುಂಡಿಯಲ್ಲಿ. ಮಂಡ್ಯದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಮಾತ್ರೆ ಬರೆದು, ಇದು ಪೂರ್ತಿ ಹೋಗುವಂಥದ್ದಲ್ಲ, ಸೂಕ್ಷ್ಮದ ಕೆಲಸವೆಲ್ಲ ಇನ್ನು ಬಿಟ್ಟುಬಿಡಿ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಭಾವ ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ಎಡಮಗ್ಗುಲನ್ನು ಹೇಗೋ ಮುಗಿಸಿದರು. ಬಲಮಗ್ಗುಲಿಗೆ ಆಗಲಿಲ್ಲ. ಒಂದು ದಿನ ವರ್ಕ್‌ಶಾಪಿಗೆ ಬೀಗ ಹಾಕಿ ಬಂದು ಟೀವಿ ಮುಂದೆ ಕೂತರು. ನಮ್ಮ ಭಾವ, ಕರೆಂಟಿನ ಪೆಟ್ಟಿಗೆಯ ಮುಂದೆ! ನಗಬೇಕಾಗಿದ್ದ ನನಗೆ ಅಂದು ನಗು ಬರಲಿಲ್ಲ.

“ಆ ಟಕಟಕ ಇಲ್ದೆ ಮನೆ ಬಿಕೋ ಅಂತದೆ ಕಣ್ಲಾ” ಎಂದು ಅಕ್ಕ ಫೋನಿನಲ್ಲಿ ಹೇಳಿದಳು.

ಮುಂದಿನ ಭಾನುವಾರ ಹೋದಾಗ ಹಿತ್ತಲಿನಿಂದ ಟಕಟಕ ಕೇಳಿಸಿತು. ಓಡಿ ಹೋಗಿ ನೋಡಿದೆ. ಸ್ಟೂಲಿನ ಮೇಲೆ ಅಕ್ಕ ಕೂತಿದ್ದಾಳೆ! ಕಣ್ಣಿಗೆ ಭಾವನ ಭೂತಗನ್ನಡಿ, ಒಂದು ಕೈಯಲ್ಲಿ ಚಿಮಟ, ಇನ್ನೊಂದರಲ್ಲಿ ಪುಟ್ಟ ಸುತ್ತಿಗೆ. ಭಾವ ಪರೀಕ್ಷೆ ಕೋಣೆಯ ಮೇಷ್ಟ್ರಂತೆ ಕೈ ಹಿಂದೆ ಕಟ್ಟಿ ನಿಂತಿದ್ದಾರೆ.

“ಓರೆ ಆಯ್ತು ಕಣಮ್ಮಿ, ಕಿತ್ತು ಆಕು.”

“ಓರೆ ಆಗಿರೋದು ನಿಮ್ ಕಣ್ಣು. ದಿನಾ ಮಲ್ಲಿಗೆ ಕಟ್ಟೋ ಕೈ ಇದು, ನಂಗೆ ಸಾಲು ಇಡಿಯೋದು ಯೋಳ್ಕೊಡ್ತೀರಾ?” ಎಂದು ಗದರಿದ ಅಕ್ಕ ನನ್ನತ್ತ ತಿರುಗಿದಳು. “ಅಡ್ಗೆ ಮಾಡಿಲ್ಲ ಕಣ್ಲಾ. ಓಟ್ಲಿಂದ ಏನಾರ ತಂದ್ಬುಡು.”

ಮೂರು ತಿಂಗಳಿನಲ್ಲಿ ಬಲಮಗ್ಗುಲು ಮುಗಿಯಿತು. ಮೊನ್ನೆ ದೀಪಾವಳಿ ಕಳೆದ ಭಾನುವಾರ ಎಂಜಿನ್ನನ್ನು ಹಳಿಯ ಮೇಲೆ ನಿಲ್ಲಿಸಿದೆವು. ಇಸ್ತ್ರಿ ಅಂಗಡಿಯಿಂದ ಇದ್ದಿಲು ತಂದವನು ನಾನು. ತೊಟ್ಟಿಗೆ ನೀರು ತುಂಬಿದೊಡನೆ ಎಡಗಡೆ ನಾಲ್ಕೈದು ಕಡೆ ತೊಟ್ಟಿಕ್ಕಲು ಶುರುವಾಯಿತು. ಭಾವ ಕಷ್ಟಪಟ್ಟು ಬಗ್ಗಿ ಎಡಗಡೆ ನೋಡಿದರು, ಬಲಗಡೆ ಸುತ್ತಿ ಬಂದು ಸಾಲುದ್ದಕ್ಕೂ ಬೆರಳಾಡಿಸಿ ನೋಡಿದರು. “ಸೋರ್ತಿರೋದೆಲ್ಲ ನಂದು ಕಣ್ಲಾ. ನಿಮ್ಮಕ್ಕ ಆಕಿರೋದು ಒಂದೂ ಸೋರಿಲ್ಲ, ಮುಟ್ಟಿ ನೋಡು!” ಎಂದರು. ತಮ್ಮದು ಸೋರಿದ್ದಕ್ಕೆ ಇಷ್ಟು ಹೆಮ್ಮೆಪಟ್ಟ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಬಟ್ಟೆ ಸೋಪನ್ನು ಮೆತ್ತಿ ಸೋರಿಕೆ ನಿಲ್ಲಿಸಿದೆವು. ಕೆಂಡವಾಯಿತು, ನೀರು ಕುದಿಯಿತು, ಹಬೆಯ ಒತ್ತಡ ತೋರಿಸುವ ಮುಳ್ಳು ಮೇಲೇರಿತು. ಹಬೆ ಬಿಡುವ ಹಿಡಿಗೆ ಭಾವ ಕೈ ಹಾಕಿದರು. ಕೈ ನಿಲ್ಲಲಿಲ್ಲ. ಒಂದು ಗಳಿಗೆ ನೋಡಿ ಹಿಂದೆ ತೆಗೆದರು.

“ನೀನೇ ಎಳಿ ಕಣಮ್ಮಿ.”

“ಸಿಡಿದ್ರೆ?”

“ಸಿಡಿದ್ರೆ ಇಬ್ರೂವೆ.”

ಅಕ್ಕ ಎಳೆದಳು. ಎಂಜಿನ್ನು ಒಂದು ಸಲ ಕೆಮ್ಮಿತು, ಉಸಿರು ಬಿಟ್ಟಿತು, ಹೊರಟಿತು. ಮೊದಲ ತೆಂಗಿನ ಮರ, ಎರಡನೆಯ ತೆಂಗಿನ ಮರ, ತಿರುವು. ನಮ್ಮ ಕಾಲ ಬಳಿಗೇ ಬಂದು ನಿಂತಿತು. ಇಷ್ಟು ವರ್ಷ ಈ ಮನುಷ್ಯನನ್ನು ಆಡಿಕೊಂಡು ಊರೆಲ್ಲ ನಗಿಸಿದ ನಾನು ಅಲ್ಲೇ ನಿಂತು ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಭಾವ ಮೆಟ್ಟಿಲ ಮೇಲೆ ಕೂತರು. ನಡುಗುವ ಕೈಗಳನ್ನು ಮಂಡಿಗಳ ನಡುವೆ ಬಚ್ಚಿಟ್ಟುಕೊಂಡು, “ಓಡ್ತಲ್ಲ, ಸಾಕು ಬುಡು. ಇದೇ ಕೊನೇದು. ಇನ್ನು ನನ್ ಕೈಯಲ್ಲಿ ಆಗಲ್ಲ” ಎಂದರು.

ಅಕ್ಕ ಸೆರಗಿನಿಂದ ಮಸಿ ಒರೆಸಿಕೊಳ್ಳುತ್ತಾ ಬಂದು ಅವರ ಪಕ್ಕದಲ್ಲಿ ಕೂತಳು.

“ನಿಮ್ ಕೈಯಲ್ಲಿ ಮಾಡಿ ಅಂತ ಯಾರಂದ್ರು ಈಗ? ನೀವು ಯೋಳ್ತಾ ಓಗಿ, ನಾನು ಮಾಡ್ತೀನಿ. ಮುಂದ್ಲುದು ಯಾವ ಎಂಜಿನ್ನು?”