ಬಾಡಿ ಬಂದಿದೆ

ವೇಣುಗೋಪಾಲ್ ಆಡಿದ್ದು ಒಂದೇ ಮಾತು. ಅದೂ ಬೆಳಿಗ್ಗೆ ಒಂಬತ್ತಕ್ಕೆ, ಕಾಂಪೌಂಡಿನ ಪಕ್ಕ ನಿಂತು, ಫೋನಿನಲ್ಲಿ.

"ಬಾಡಿ ಬಂದಿದೆ ಸಾರ್. ತಣ್ಣಗೆ ಇಟ್ಟಿದ್ದೀನಿ. ಹನ್ನೊಂದಕ್ಕೆ ಬಂದ್ಬಿಡಿ."

ಆ ಕಡೆ ಇದ್ದವನು ದೊಡ್ಡ ಹೋಟೆಲಿಗೆ ವೈನ್ ಆರಿಸುವ ಭಾನುಪ್ರಕಾಶ್. ವೈನು ನಾಲಿಗೆ ಮೇಲೆ ನೀರಿನ ಹಾಗೆ ಜಾರದೆ ತುಸು ಭಾರವಾಗಿ ನಿಂತರೆ ಅದಕ್ಕೆ ಅವರ ಕಸುಬಿನಲ್ಲಿ ಬಾಡಿ ಅನ್ನುತ್ತಾರೆ. ವೇಣುವಿನ ಬಿಳಿ ವೈನಿಗೆ ಅದಿಲ್ಲವೆಂದು ಹೋದ ವರ್ಷ ಬಿಟ್ಟು ಹೋಗಿದ್ದ. ಈ ಸಲವೂ ಬಿಟ್ಟರೆ ಕುಂದಾಣದ ಈ ಒಂದೂವರೆ ಎಕರೆ ದ್ರಾಕ್ಷಿ ಬಳ್ಳಿ ಕೀಳಿಸಿ ಗುಲಾಬಿ ಹಾಕಿಸ್ತೀನಿ ಅಂತ ಅಪ್ಪ ಆದಿನಾರಾಯಣಪ್ಪ ಹೇಳಿಯೇ ಹಿಂದಿನ ದಿನ ಹೊಸಕೋಟೆಗೆ ಹೋಗಿದ್ದರು, ಎದೆನೋವು ತೋರಿಸಿಕೊಂಡು ಬರಲು.

ಕಾಂಪೌಂಡಿನ ಆಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆ ಮುನಿರತ್ನಮ್ಮನಿಗೆ ಆ ಒಂದು ಮಾತು ಸಾಕಾಯಿತು. ಒದ್ದೆ ಸೀರೆ ಹೆಗಲ ಮೇಲೇ ಹಾಕಿಕೊಂಡು ಊರೊಳಗೆ ಓಡಿದಳು.

ವೇಣು ಒಳಗೆ ಕೂತು ಒಂದೂವರೆ ಗಂಟೆ ಗ್ಲಾಸು ಒರೆಸಿದ. ಕೊನೆಗೆ ಬಾಟಲಿ ಬಿಚ್ಚಿ ತಾನೇ ಒಂದು ಗುಟುಕು ಕುಡಿದ. ಚಕ್ಕೋತದ ತೊಳೆ ಬಿಡಿಸುವಾಗ ಬರುವಂಥ ಘಮ. ಮೂರು ವರ್ಷದ ದುಡಿಮೆ ಗಂಟಲಲ್ಲಿ ತಣ್ಣಗೆ ಇಳಿದು ಅಳು ಬಂದುಬಿಟ್ಟಿತು. ಕಣ್ಣೊರೆಸಿಕೊಂಡು ಹೊರಗೆ ಬಂದರೆ ಅಂಗಳದಲ್ಲಿ ಶಾಮಿಯಾನ. ಕುರ್ಚಿ ಮೇಲೆ ಅಪ್ಪನ ಫೋಟೋ, ಹಾರ, ಮೊಳದುದ್ದದ ಊದುಬತ್ತಿ.

ಅಪ್ಪ ಚೆನ್ನಾಗಿದ್ದಾರೆ ಅಂದ. ಪಾಪ, ಶಾಕಾಗಿದೆ ಅಂದರು. ಫೋನ್ ಮಾಡಿದರೆ ಸ್ವಿಚ್ ಆಫ್. ಅಲ್ಲಿಗೆ ಅದೂ ಸಾಕ್ಷಿಯಾಯಿತು. ಎದುರು ಮನೆಯ ಅಪ್ಪಯ್ಯಣ್ಣ ಗುದ್ದಲಿ ಹಿಡಿದ ನಾಲ್ಕು ಆಳು ಕರಕೊಂಡು ಬಂದು, ಗುಂಡಿ ತೋಟದಲ್ಲೋ ಕೆರೆ ಹಿಂದೋ, ಬಾಡಿ ಎಲ್ಲಿಟ್ಟಿದ್ದೀಯ ಅಂತ ಒಂದೇ ಸಮ ಕೇಳತೊಡಗಿದ.

ಹನ್ನೊಂದಕ್ಕೆ ಸರಿಯಾಗಿ ಭಾನುಪ್ರಕಾಶ್ ಬಂದ. ಯಾರೋ ಅವನ ಕೈಗೂ ಹಾರ ಕೊಟ್ಟರು. ಅದನ್ನು ಮೊಣಕೈಗೆ ನೇತುಹಾಕಿಕೊಂಡು ಊದುಬತ್ತಿ ಹೊಗೆಯಲ್ಲೇ ಗ್ಲಾಸಿಗೆ ಮೂಗಿಟ್ಟ. ಅಷ್ಟರಲ್ಲಿ ಆಟೋ ಬಂದು, ಮಾತ್ರೆ ಕವರ್ ಹಿಡಿದ ಆದಿನಾರಾಯಣಪ್ಪ ಇಳಿದರು. ತಮ್ಮದೇ ಫೋಟೋದ ಪಕ್ಕ ಕುರ್ಚಿ ಎಳೆದು ಕೂತರು. ಜನರ ಮುಖ ಬಸ್ಸು ತಪ್ಪಿಸಿಕೊಂಡವರ ಹಾಗಾಯಿತು.

ಭಾನುಪ್ರಕಾಶ್ ಗುಟುಕನ್ನು ಬಾಯಲ್ಲಿ ಹೊರಳಿಸಿ ನುಂಗಿದ. "ಬಣ್ಣ ಚೆನ್ನಾಗಿದೆ. ಹುಳಿ ಹದವಾಗಿದೆ. ಆದ್ರೆ ಬಾಡಿ ಇಲ್ಲ."

"ಅದೇ ಸ್ವಾಮಿ," ಅಂದ ಅಪ್ಪಯ್ಯಣ್ಣ, "ನಾವೂ ಆವಾಗ್ಲಿಂದ ಅದನ್ನೇ ಕೇಳ್ತಾ ಇದ್ದೀವಿ."

ಆದಿನಾರಾಯಣಪ್ಪ ಹಾರ ನೋಡಿದರು, ಮಗನ ಮುಖ ನೋಡಿದರು, ಆಮೇಲೆ ಆ ನಾಲ್ಕು ಗುದ್ದಲಿಗಳನ್ನು ನೋಡಿದರು.

"ಇಷ್ಟು ದೂರ ಬಂದಿದ್ದೀರಿ, ಸುಮ್ನೆ ಯಾಕೆ ವಾಪಸ್ ಹೋಗ್ತೀರಪ್ಪಾ," ಅಂದರು. "ಬಾವಿ ಪಕ್ಕದ ಸಾಲಿಂದ ಕೀಳೋಕೆ ಶುರು ಮಾಡಿ."