ಬಡಿಸುವ ಕೈಗಳ ಭಯಾನಕ ಸತ್ಯ

"ಜಿಲ್ಲೆಗೆ ಜಿಲ್ಲೆಯೇ ಬೆಚ್ಚಿಬೀಳೋ ಅಂಥ ಸಿನಿಮಾ ತೆಗೀತೀನಿ ಕಣೇ! ನೋಡ್ತಿರು!"

ತುಮಕೂರಿನ ನಮ್ಮ ಮನೆಯ ಸೋಫಾದ ಮೇಲೆ ನಿಂತು ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ಅನುಪಮಾ ಹುರುಳಿಕಾಯಿ ಸೋಸುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಬೀಳೋದು ಆಮೇಲೆ. ಮೊದ್ಲು ಕೆಳಗಿಳೀರಿ, ಸ್ಪ್ರಿಂಗ್ ಹೋಗುತ್ತೆ."

ಮಹಾನ್ ನಿರ್ದೇಶಕರ ಮನೆಗಳಲ್ಲಿ ಮೊದಲ ವಿಮರ್ಶೆ ಹೀಗೇ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡು ಇಳಿದೆ.

ನನ್ನ ಸಿನಿಮಾದ ನಾಯಕಿ ಗುಬ್ಬಿಯಲ್ಲಿರುವ ನನ್ನ ಅತ್ತೆ, ಬಸವಲಿಂಗಮ್ಮನವರು. ಕಥಾವಸ್ತು ಅವರ ಉಪಚಾರ. ಅದನ್ನು ಉಪಚಾರ ಎನ್ನುವುದು ಪ್ರವಾಹವನ್ನು ತುಂತುರು ಎಂದ ಹಾಗೆ! ಆ ಮನೆಯಲ್ಲಿ ಊಟಕ್ಕೆ ಕೂತವನು "ಸಾಕು" ಅಂದರೆ ಎರಡು ಒಬ್ಬಟ್ಟು, "ಬೇಡವೇ ಬೇಡ" ಅಂದರೆ ಮೂರು. ಎಲೆಯ ಮೇಲೆ ಅಡ್ಡ ಮಲಗಿಬಿಟ್ಟರೆ ನಾಲ್ಕು, ಜೊತೆಗೆ ಬೆನ್ನ ಮೇಲೆ ತುಪ್ಪ! ಇದನ್ನು ನಿಜವಾದ ಸಾಕ್ಷ್ಯಚಿತ್ರದ ಗತ್ತಿನಲ್ಲೇ ತೆಗೆಯಬೇಕು, ಆದರೆ ಮೊದಲಿಂದ ಕೊನೆಯವರೆಗೂ ಅಣಕವಾಗಿರಬೇಕು, ನೋಡಿದವರು ನಕ್ಕೂ ನಕ್ಕೂ ಸುಸ್ತಾಗಬೇಕು ಎನ್ನುವುದು ನನ್ನ ಯೋಜನೆ. ಹೆಸರೂ ಸಿದ್ಧವಾಗಿತ್ತು: 'ಬಡಿಸುವ ಕೈಗಳ ಭಯಾನಕ ಸತ್ಯ'!

ಯುಗಾದಿಗೆ ಮೊಬೈಲು, ಸ್ಟ್ಯಾಂಡು ಸಮೇತ ಗುಬ್ಬಿಗೆ ಹೋದೆ.

"ಹಬ್ಬದ ವಿಡಿಯೋ ತೆಗೀತಿದೀನಿ ಅತ್ತೆ."

"ತೆಗೀರಿ ಅಳಿಯಂದ್ರೆ, ತೆಗೀರಿ. ತಡೀರಿ, ರೇಷ್ಮೆ ಸೀರೆ ಉಟ್ಕೊಂಡ್ ಬತ್ತೀನಿ" ಎಂದು ಆಕೆ ಸಂಭ್ರಮದಿಂದ ಒಳಗೆ ಹೋದರು. ನನ್ನ ಮನಸ್ಸಾಕ್ಷಿ ಒಂದು ಕ್ಷಣ ಕೆಮ್ಮಿತು. ಕಲೆಗಾಗಿ ಅದರ ಬಾಯಿ ಮುಚ್ಚಿಸಿದೆ.

ತುಮಕೂರಿಗೆ ಬಂದು ಕಂಪ್ಯೂಟರಿನಲ್ಲಿ ಚಿತ್ರ ಜೋಡಿಸಿದೆ. ಹಿನ್ನೆಲೆಗೆ ನನ್ನದೇ ಗಡಸು ದನಿ: "ಅಗೋ! ತುಪ್ಪದ ಗಿಂಡಿ ಹಿಡಿದು ಆಕೆ ಹಿಂದಿನಿಂದ ಸದ್ದಿಲ್ಲದೆ ಬರುತ್ತಿದ್ದಾಳೆ. ಅಮಾಯಕ ಅತಿಥಿಗೆ ಇನ್ನೂ ಸುಳಿವಿಲ್ಲ!" ಸಂತ್ರಸ್ತನ ಪಾತ್ರಕ್ಕೆ ಕುಣಿಗಲ್‌ನ ನನ್ನ ಷಡ್ಡಕ, ಅಂದರೆ ಅನುಪಮಾಳ ತಂಗಿ ದೀಪಿಕಾಳ ಗಂಡ ರೇಣುಕಪ್ರಸಾದ್ ಒಪ್ಪಿದ್ದ. ಅವನ ಮುಖ ಮಸುಕು ಮಾಡಿ, ದನಿ ಬದಲಿಸಿದ್ದೆ. "ಸಾಕು ಅಂತ ಕೈ ಮುಗ್ದೆ ಸಾರ್. ಮುಗ್ದಿದ್ ಕೈ ಮೇಲೇ ಒಬ್ಬಟ್ಟು ಇಟ್ಬುಟ್ರು!" ಎಂದು ಅವನು ಬಿಕ್ಕುವ ದೃಶ್ಯಕ್ಕೆ ಪಿಟೀಲು ಬೇರೆ ಹಾಕಿದ್ದೆ.

ಆದರೆ ಅತ್ತೆ ಬಡಿಸುವ ಒಂದು ದೃಶ್ಯವನ್ನು ನಿಧಾನಗತಿಯಲ್ಲಿ ನೋಡಿದಾಗ ನಿಜಕ್ಕೂ ಮೈ ಜುಮ್ಮೆಂದಿತು. ರೇಣುಕಪ್ರಸಾದ್ ಎರಡೂ ಅಂಗೈ ಅಗಲಿಸಿ ಎಲೆ ಮುಚ್ಚಿ ಕೂತಿದ್ದಾನೆ. ಅತ್ತೆ ಎಡಗಡೆ ಕೋಸಂಬರಿ ಬಟ್ಟಲು ತೋರಿಸುತ್ತಾರೆ. ಅವನ ಕೈ ಆ ಕಡೆ ಓಡುತ್ತದೆ. ಅಷ್ಟರಲ್ಲಿ ಬಲಗಡೆ ಒಬ್ಬಟ್ಟು ಇಳಿದು, ಅದರ ಮೇಲೆ ತುಪ್ಪವೂ ಹರಿದು, ಆಕೆ ಆಗಲೇ ಪಕ್ಕದ ಎಲೆಯ ಮುಂದಿದ್ದಾರೆ! ಆ ತುಣುಕನ್ನು ಎಷ್ಟು ಸಲ ಹಾಕಿ ನೋಡಿದೆನೋ! ಗೇಲಿ ಮಾಡಲು ಹೊರಟವನಿಗೆ ಎದ್ದು ನಿಂತು ಕೈ ಮುಗಿಯೋಣ ಅನ್ನಿಸಿತು. ಮುಗಿಯಬೇಕಿತ್ತು. ಅದರ ಬದಲು ಚಿತ್ರ ಬಿಡುಗಡೆ ಮಾಡಿದೆ.

ಬಿಡುಗಡೆ ಎಂದರೆ ಥಿಯೇಟರಿನಲ್ಲಲ್ಲ, ನಮ್ಮ ಮನೆಯ ಟಿವಿಯಲ್ಲಿ. ಅನುಪಮಾ ಇಲ್ಲದ ಹೊತ್ತು ನೋಡಿ, ರೇಣುಕಪ್ರಸಾದ್ ಒಬ್ಬನನ್ನೇ ಕರೆಸಿ ತೋರಿಸಿದೆ. ಅವನು ನಕ್ಕು ನಕ್ಕು ದಿಂಬು ಕಚ್ಚಿದ.

"ಅಣ್ಣ, ನಂಗೊಂದು ಕಾಪಿ ಕೊಡಿ. ಕುಣಿಗಲ್‌ನಲ್ಲಿ ಒಬ್ನೇ ನೋಡ್ಕೊಂಡು ನಗ್ತೀನಿ."

"ಬೇರೆಯೋರ ಕೈಗೆ ಹೋದ್ರೆ ನನ್ನ ಕಥೆ ಮುಗೀತು!"

"ಏಯ್, ನನ್ನ ಜೇಬು ದಾಟಿ ಎಲ್ಲೂ ಹೋಗಲ್ಲ ಬುಡಿ."

ಪೆನ್‌ಡ್ರೈವ್ ಕೊಟ್ಟೆ. ಮುಂದಿನ ಭಾನುವಾರವೇ ಅವನ ಫೋನು ಬಂತು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಅಣ್ಣಾ, ಗುಬ್ಬಿಯಿಂದ ಮಾತಾಡ್ತಿದೀನಿ. ಅತ್ತೆ ಮನೆ ಬಚ್ಚಲಲ್ಲಿದೀನಿ."

"ಬಚ್ಚಲಲ್ಲಿ ನಿಂತು ಯಾಕಯ್ಯಾ ಫೋನು?"

"ಹಾಲ್‌ನಲ್ಲಿ ಜಾಗ ಇಲ್ಲ, ಬೀದಿಯೋರೆಲ್ಲ ಬಂದವ್ರೆ. ಅತ್ತೆ ಹಬ್ಬದ ವಿಡಿಯೋ ಎಲ್ಲಿ ಅಂದ್ರು. ನಿಮ್ ನಾದಿನಿ ಕಾರಲ್ಲಿದ್ದ ಪೆನ್‌ಡ್ರೈವ್ ತಂದು ಟಿವಿಗೆ ಹಾಕ್ಬುಟ್ಲು!"

"ತೆಗೆಸೋ!"

"ಹೆಂಗ್ ತೆಗೆಸ್ಲಿ? ನಿಮ್ಮ ಹೆಸ್ರು ಆಗ್ಲೇ ದಪ್ಪಕ್ಷರದಲ್ಲಿ ಬಂದೋಯ್ತು!"

"ಅತ್ತೆ ಬೈತವ್ರಾ?"

"ಇಲ್ಲ ಅಣ್ಣ. ನೋಡ್ತವ್ರೆ."

"ಅಳ್ತವ್ರಾ?"

"ಇಲ್ಲ. ಬರೀ ನೋಡ್ತವ್ರೆ!"

ಬೈದಿದ್ದರೆ ಕಾಲಿಗೆ ಬೀಳಬಹುದಿತ್ತು. ಸುಮ್ಮನೆ ನೋಡುವ ಅತ್ತೆಗೆ ಏನು ಮಾಡುವುದು? ಸಂಜೆಯೊಳಗೆ ಸುದ್ದಿ ಅನುಪಮಾಳಿಗೂ ಮುಟ್ಟಿತು.

"ನಮ್ಮಮ್ಮನ್ನ ಕಾಡುಪ್ರಾಣಿ ಥರ ತೋರ್ಸಿದೀರಂತೆ?"

"ಅದು ವಿಡಂಬನೆ ಕಣೇ. ಒಂದು ಕಲೆ."

"ಹಂಗಾ? ಬಸವ ಜಯಂತಿಗೆ ಊಟಕ್ಕೆ ಬರ್ಲೇಬೇಕಂತೆ. ಆ ಕಲೇನ ಅಮ್ಮಂಗೇ ವಿವರಿಸಿ."

ಬೇರೆಲ್ಲೂ ನನಗೆ ಹೇಳಿಕೊಳ್ಳುವಂಥ ಬೆಲೆ ಇಲ್ಲ ಸ್ವಾಮಿ. ಆಫೀಸಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿಯೂ ಸಿಕ್ಕಿಲ್ಲ. ನಾನು ದೊಡ್ಡ ಮನುಷ್ಯನಾಗುತ್ತಿದ್ದುದು ಗುಬ್ಬಿಯ ಆ ಒಂದು ಎಲೆಯ ಮುಂದೆ ಮಾತ್ರ. ಆ ಪದವಿಯನ್ನೂ ನನ್ನ ಕೈಯಾರೆ ಕಳೆದುಕೊಂಡೆನಲ್ಲ ಎಂದು ಸಂಕಟವಾಯಿತು.

ಬಸವ ಜಯಂತಿಯ ದಿನ ತಲೆ ತಗ್ಗಿಸಿಕೊಂಡು ಹೋದೆ. ಅತ್ತೆ ಬಾಗಿಲಲ್ಲೇ ನಕ್ಕು, "ಬನ್ನಿ ಅಳಿಯಂದ್ರೆ" ಎಂದು ಕಾಲಿಗೆ ನೀರು ಕೊಟ್ಟರು. ಸಿನಿಮಾದ ಸುದ್ದಿಯೇ ಇಲ್ಲ! ಬದುಕಿದೆ ಎಂದುಕೊಂಡು, ಮಾವ ಚನ್ನವೀರಯ್ಯನವರು ಮತ್ತು ರೇಣುಕಪ್ರಸಾದ್ ನಡುವೆ ಎಲೆಯ ಮುಂದೆ ಕೂತೆ. ಒಬ್ಬಟ್ಟಿನ ಪರಿಮಳ ಬೀದಿಯವರೆಗೂ ಹೋಗಿತ್ತು. ಅತ್ತೆ ನನ್ನ ಎಲೆಗೆ ಒಂದು ಒಬ್ಬಟ್ಟು ಹಾಕಿ ತುಪ್ಪ ಬಿಟ್ಟರು. ನಾನು ವಾಡಿಕೆಯಂತೆ ಕೈ ಅಡ್ಡ ಹಿಡಿದು, "ಸಾಕು ಅತ್ತೆ, ಸಾಕು!" ಅಂದೆ.

"ಹೌದಾ? ಆಯ್ತು" ಎಂದು ಅತ್ತೆ ಮುಂದೆ ಹೋದರು.

ಹೋಗಿಯೇಬಿಟ್ಟರು! ಅಡ್ಡ ಹಿಡಿದ ನನ್ನ ಕೈ ಹಾಗೇ ಗಾಳಿಯಲ್ಲಿತ್ತು. ನಮ್ಮ ಕಡೆ ಅಳಿಯನಾದವನು "ಸಾಕು" ಅನ್ನುವುದು ನಮಸ್ಕಾರ ಅಂದ ಹಾಗೆ, ಅದು ಬರೀ ಮರ್ಯಾದೆಯ ಮಾತು. ಅದನ್ನು ಯಾರೂ ನಂಬಬಾರದು, ನಂಬುವುದೂ ಇಲ್ಲ. ಅಳಿಯನ ಹೊಟ್ಟೆ ತುಂಬುವುದೇ "ಸಾಕು" ಅಂದ ಮೇಲೆ! ಅತ್ತೆ ನನ್ನ ಮಾತನ್ನು ನಂಬಿಬಿಟ್ಟಿದ್ದರು. ಅನ್ನ ತಂದಾಗ ಹಾಳು ನಾಲಿಗೆ ಮತ್ತೆ "ಸ್ವಲ್ಪ ಸಾಕು" ಅಂದಿತು. ಸ್ವಲ್ಪವೇ ಬಿತ್ತು, ಗುಬ್ಬಚ್ಚಿಗೂ ಸಾಲದಷ್ಟು.

ಪಕ್ಕದಲ್ಲಿ ರೇಣುಕಪ್ರಸಾದ್ "ಬೇಡಾ ಅತ್ತೆ!" ಎಂದು ಕೂಗುತ್ತಲೇ ಇದ್ದ. ಅವನ ಎಲೆಗೆ ಒಬ್ಬಟ್ಟು ಬೀಳುತ್ತಲೇ ಇದ್ದವು!

"ನಿಂಗೆ ಹೆಂಗೋ ಮಾಫಿ ಸಿಕ್ತು?" ಎಂದು ಪಿಸುಗುಟ್ಟಿದೆ.

"ಮುಖ ಮಸುಕಾಗಿತ್ತಲ್ಲ ಅಣ್ಣ. ಎಲ್ರ ಜೊತೆ ಸೇರಿ ನಾನೂ 'ಯಾವನವ್ನು ದ್ರೋಹಿ?' ಅಂತ ಕೇಳ್ದೆ."

ತಡೆಯಲಾಗಲಿಲ್ಲ. ಎದುರಿಗೆ ಅಷ್ಟೊಂದು ಅಡುಗೆ, ನನ್ನ ಹೊಟ್ಟೆ ಮಾತ್ರ ಖಾಲಿ! ಆ ಮನೆಯ ಚರಿತ್ರೆಯಲ್ಲಿ ಯಾವ ಅಳಿಯನೂ ಆಡದ ಮಾತನ್ನು ಕಣ್ಣು ಮುಚ್ಚಿಕೊಂಡು ಆಡಿದೆ.

"ಅತ್ತೆ... ಇನ್ನೊಂದು ಒಬ್ಬಟ್ಟು ಹಾಕಿ."

ಮಾವನವರ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಈ ಮನೆಗೆ ಬಂದಾಗಿಂದ ಬಡಿಸ್ತಾನೇ ಇದೀನಿ. ಸಾಕು, ಬೇಡ ಅಂದೋರೇ ಎಲ್ಲ. ಬಾಯ್ಬಿಟ್ಟು ಹಾಕಿ ಅಂದೋರು ನೀವೊಬ್ರೇ ಅಳಿಯಂದ್ರೆ!"

ಇಂಥ ಹೆಂಗಸಿನ ಮೇಲೆ ಸಿನಿಮಾ ತೆಗೆದೆನಲ್ಲ ಪಾಪಿ ಎಂದು ಕಣ್ಣು ತುಂಬಿಕೊಂಡೆ. ಅತ್ತೆ ಅಡುಗೆಮನೆಗೆ ಹೋದರು. ಬರಿ ತಟ್ಟೆ ಹಿಡಿದು ವಾಪಸು ಬಂದರು.

"ಅಯ್ಯೋ, ಮುಗ್ದೋಯ್ತಲ್ಲ! ನೀವು ಸಾಕು ಅಂದ್ರಲ್ಲ ಅಂತ ನಿಮ್ಮ ಪಾಲಿಂದೂ ರೇಣುಕಪ್ರಸಾದ್‌ಗೇ ಹಾಕ್ಬುಟ್ಟೆ."

ಪಕ್ಕದಿಂದ ಒಂದು ದೀರ್ಘ ತೇಗು ಕೇಳಿಸಿತು.

"ಮಜ್ಜಿಗೆ ಅನ್ನ ಐತೆ. ಹಾಕ್ಲಾ ಅಳಿಯಂದ್ರೆ? ಇಲ್ಲ, ಅದೂ ಸಾಕಾ?"

"ಹಾಕಿ ಅತ್ತೆ, ಹಾಕಿ!" ಎಂದು ಕೂಗಿ, ಎಂಜಲು ಕೈ ಅನ್ನುವುದನ್ನೂ ಮರೆತು ಮತ್ತೆ ಎಲೆಗೆ ಅಡ್ಡ ಹೋಗದಂತೆ ಎರಡೂ ಕೈಗಳನ್ನು ಹೊಸ ಅಂಗಿಯ ಬೆನ್ನ ಹಿಂದೆ ಕಟ್ಟಿಕೊಂಡು ಕೂತೆ.