ಬುಸ್ ಅನ್ನೋ ಮನಿ ಮಾರಿದ್ದು

ಖಾಲಿ ಮನಿ ಮಾರಿಸೋ ಧಂದಾದಾಗ ಜೀವ ಬಾಯಿಗಿ ಬರೋ ದಿನ ಬರ್ತಾನೇ ಇರ್ತಾವ. ಜಹೀರಾಬಾದದಾಗ ನನ್ನಂಥಾ ಗಟ್ಟಿ ಎದಿ ದಲಾಲ ಇನ್ನೊಬ್ಬಿಲ್ಲ. ಆದ್ರ ಕೊಹೀರದ ಆ ಮನಿ ನನ್ನೂ ನಡಗಿಸಿಬಿಡ್ತು. ಮನಿ ಒಬ್ರು ರಿಟೈರಾದ ಟೀಚರಮ್ಮಂದು, ಅವ್ರಿರೋದು ತಾಂಡೂರದಾಗ. ಫೋನಿನ್ಯಾಗ ಕಡಕ್ ಹೇಳಿದ್ರು: "ಮನಿದೆಲ್ಲಾ ಐಬು ಹೇಳೇ ಮಾರ್ರಿ. ಮುಚ್ಚಿಟ್ರ ನಾಳಿ ಕೋರ್ಟಿಗಿ ಅಲಿಯಾಕಿ ನಾನು. ಈ ತಿಂಗಳದಾಗ ಆಗಲಿಲ್ಲಂದ್ರ ಚಾವಿ ಬ್ಯಾರೆ ದಲಾಲಗ."

ಇಲ್ಲೀತನ ನನ್ನ ಕೈಯಾಗಿನ ಚಾವಿ ಯಾರೂ ಕಸ್ಗೊಂಡಿಲ್ರಿ!

ಒಂದು

ಮೊದ್ಲ ಬಂದಾವ ಒಬ್ಬ ಬ್ಯಾಂಕಿನ ಕ್ಲರ್ಕ. ಬಾಗಲದಾಗೇ ನಿಂತು ಹೇಳಿದೆ: "ಮಾಳಗಿ ಸೋರ್ತದ. ಬೋರಿನ ನೀರು ಉಪ್ಪು. ಹಿಂದಿನ ಖೋಲ್ಯಾಗ ಏನೋ ಬುಸ್ ಅಂತದ."

"ಏನದು?"

"ಗೊತ್ತಿಲ್ರಿ. ನಾ ಒಳಗ ಹೋಗಿಲ್ಲ."

ಅಷ್ಟರಾಗ ಒಳಗ ಬುಸ್ ಅಂತು. ಅವ ಸ್ಕೂಟರ್ ಅಲ್ಲೇ ಬಿಟ್ಟು ಓಡ್ದ. ಆದ್ರ ಬಸ್‌ಸ್ಟ್ಯಾಂಡಿಗಿ ಮೊದ್ಲ ಮುಟ್ಟಿದಾವ ನಾನೇ. ಈ ವಯಸ್ಸಿನ್ಯಾಗ!

ಎರಡು

ನ್ಯಾಲ್ಕಲದಿಂದ ಹಾವು ಹಿಡಿಯಾವ್ನ ಕರಸಿದೆ. ಮೀಸಿ ತಿರುವಿ ಒಳಗ ಹೋದ, ಹೋದಷ್ಟೇ ಜೋರಲೇ ಹೊರಗ ಬಂದ.

"ಹಾವಲ್ಲ ಮುತ್ಯಾ. ಬುಸ್ ಅನ್ನಾವು ಗೂಗಿಮರಿ, ಗೂಬಿ ಅಂತಾರಲ್ಲ ಅವು. ನಾಕು ಅವ, ಅಟ್ಟದ ಮ್ಯಾಲ."

"ಹಂಗಾರ ಹಿಡಿ!"

"ನಾಗರಹಾವಿದ್ರ ಹಿಡೀತಿದ್ದೆ. ಗೂಗಿ ಮುಟ್ಟಿದ್ರ ಹೆಂಡ್ತಿ ಮನ್ಯಾಗ ಬಿಟ್ಕೊಳ್ಳಂಗಿಲ್ಲ."

ಗೂಗಿ ಹೊಕ್ಕ ಮನಿ ಅಂದ್ರ ನಮ್ಮ ಕಡಿ ಇದ್ದಾವ್ರೇ ಖಾಲಿ ಮಾಡ್ತಾರ, ಕೊಳ್ಳಾವ್ರು ಯಾರು? ಟೀಚರಮ್ಮಗ ಫೋನ್ ಹಚ್ಚಿದೆ: "ಇದೊಂದು ಮುಚ್ಚಿಡ್ಲೇನ್ರಿ?"

"ಇದೇ ಮೊದ್ಲ ಹೇಳ್ರಿ. ನೀವು ಓಡಿದ್ದೂ ಹೇಳ್ರಿ, ನನಗ ಸುದ್ದಿ ಬಂದದ."

ಮೂರು

ತಿಂಗಳ ಮುಗ್ಯಾಕ ನಾಕೇ ದಿನ. ಪಸ್ತಾಪುರ ಕಡಿಂದ ಒಬ್ಬಾಕಿ ಬಂದ್ಳು, ಹೆಣ್ಮಕ್ಕಳ ಸಂಘದ ಜ್ವಾಳ ಸಜ್ಜಿ ಬೀಜ ಕಾಯಾಕಿ. ಕಣ್ಣು ಮುಚ್ಚಿ ಎಲ್ಲಾ ಐಬು ಹೇಳಿದೆ. ಕಡೀಗಿ, "ಗೂಗಿಮರಿ ನಾಕು ಅವ ತಾಯಿ" ಅಂದೆ.

ಆಕಿ ಸೀದಾ ಒಳಗ ಹೋಗಿ ಮೂಲಿ ಮೂಲಿ ನೋಡಿ ಬಂದ್ಳು. "ಗೂಗಿ ಇಲಿ ಒಂದೂ ಬಿಟ್ಟಿಲ್ಲಲ್ಲ ಕಾಕಾ! ಬೀಜ ಇಡಾಕ ಇಂಥಾ ಮನಿ ಎಲ್ಲಿ ಸಿಗ್ತದ? ತಗೋತೀನಿ."

ಕರಾರಪತ್ರ ಬರಿಯಾಕ ಕುಂತೆವು. ಬರಿಯಾವ ಐಬಿನ ಪಟ್ಟಿದಾಗ ಗೂಗಿ ಹಾಕಾಕ ಹೋದ. ಆಕಿ ಅಡ್ಡ ಬಂದ್ಳು: "ಅಲ್ಲಿ ಬ್ಯಾಡೋ ಅಣ್ಣಾ, ಸಾಮಾನಿನ ಪಟ್ಟಿದಾಗ ಬರಿ. ಒಂದು ಕಡಿಮಿ ಆದ್ರೂ ನಾ ಒಲ್ಲೆ."

ಬರ್ದ: ಫ್ಯಾನು ಎರಡು, ನಳ ಮೂರು, ಗೂಗಿಮರಿ ನಾಕು.

ರಿಜಿಸ್ಟ್ರಿ ಆಗೋತನ ಎರಡು ದಿನ ಕಿಡಕಿಗಿ ಮೂತಿ ಹಚ್ಚಿ, ಗಳಿಗಿಗೊಮ್ಮಿ ಎಣಸ್ಕೋತ, ಕೈ ಮುಗಕೋತ ಕುಂತೆ: "ನಿಮ್ಮ ಕಾಲಿಗಿ ಬೀಳ್ತೀನ್ರೋ ಅಪ್ಪಗೋಳ್ರಾ, ನಾಡಿದ್ದಿನತನ ಹಾರೋದು ಕಲೀಬ್ಯಾಡ್ರಿ!"